ಕಂಪ್ರೆಸರ್ ಬದಲಿಸುವ ಮುಂಚೆ ಸೋಪು ನೀರು

ಏರ್ ಸಸ್ಪೆನ್ಷನ್, ಅಂದರೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಗಾಡಿ ನಿಲ್ಲುವ ವ್ಯವಸ್ಥೆ, ಇರುವ ಎಲೆಕ್ಟ್ರಿಕ್ ಎಸ್‌ಯುವಿ ಕೈಕೊಟ್ಟರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್ ಕಡೆಗೆ. ನನ್ನ ಗಾಡಿಗೂ ಅದೇ ತೀರ್ಪು ಬಂದಿತ್ತು. ಡ್ಯಾಶ್‌ಬೋರ್ಡಿನಲ್ಲಿ ಸಸ್ಪೆನ್ಷನ್ ಎಚ್ಚರಿಕೆ, ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕಿದರೆ ಕಂಪ್ರೆಸರ್ ಅತಿಯಾಗಿ ಬಿಸಿಯಾಗಿದೆ ಎಂಬ ಕೋಡ್. ನಾನು ಒಪ್ಪಲಿಲ್ಲ. ಎಲ್ಲೋ ಗಾಳಿ ಸೋರುತ್ತಿದ್ದರೆ ಆ ಕೊರತೆ ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಕಂಟ್ರೋಲ್ ಯೂನಿಟ್ಟೇ ಅದನ್ನು ನಿಲ್ಲಿಸಿಬಿಡುತ್ತದೆ. ಸೋರಿಕೆ ಹಾಗೇ ಇದ್ದರೆ ಹೊಸದಾಗಿ ಹಾಕಿದ ಕಂಪ್ರೆಸರ್‌ಗೂ ಅದೇ ಗತಿ.

ಮೊದಲು ನೋಡಿದ್ದು 12 ವೋಲ್ಟ್ ಬ್ಯಾಟರಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಸಸ್ಪೆನ್ಷನ್ನಿನ ಕಂಟ್ರೋಲ್ ಯೂನಿಟ್ ಮತ್ತು ವಾಲ್ವ್‌ಗಳು ನಂಬಿಕೊಂಡಿರುವುದು ಈ ಚಿಕ್ಕದನ್ನೇ. ವೋಲ್ಟೇಜ್ ಕುಸಿದರೆ ಸುಳ್ಳು ಕೋಡ್‌ಗಳು ಬರುತ್ತವೆ. ಲೆಡ್ ಆಸಿಡ್ ಬ್ಯಾಟರಿಯಾದರೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ನನ್ನದು ಸರಿಯಿತ್ತು.

ಆಮೇಲೆ ಟೇಪು ಹಿಡಿದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಟ್ಟುಕೊಂಡು, ಜ್ಯಾಕ್ ಮೋಡ್ (ಸಸ್ಪೆನ್ಷನ್ ತಾನಾಗಿ ಎತ್ತರ ಬದಲಿಸದಂತೆ ತಡೆಯುವ ಆಯ್ಕೆ) ಹಾಕಿ ರಾತ್ರಿ ಬಿಟ್ಟೆ. ಜ್ಯಾಕ್ ಮೋಡ್ ಇಲ್ಲಿ ಮುಖ್ಯ. ಅದಿಲ್ಲದಿದ್ದರೆ ಕೆಲವು ಗಾಡಿಗಳು ನಡುವೆ ತಾವೇ ಎಚ್ಚೆತ್ತು, ಇಳಿದ ಮೂಲೆಗೆ ಸರಿಯಾಗಿ ಉಳಿದ ಮೂಲೆಗಳನ್ನೂ ಇಳಿಸಿಕೊಳ್ಳುತ್ತವೆ. ಸೋರಿಕೆ ಎಲ್ಲಿ ಎಂದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ನಾಲ್ಕೂ ಕಡೆ ಒಂದೇ ಸಮ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ. 30 ಡಿಗ್ರಿಯಿಂದ 15ಕ್ಕೆ ತಣಿದ ಗಾಳಿ ಸುಮಾರು ಶೇ. 5ರಷ್ಟು ಕುಗ್ಗುವುದು ಸಹಜ. ಒಂದೇ ಮೂಲೆ ಕುಸಿದಿದ್ದರೆ ಅನುಮಾನ ಆ ಕಡೆಯ ಏರ್ ಸ್ಪ್ರಿಂಗ್ ಮತ್ತು ಅದರ ಪೈಪಿನ ಮೇಲೆ. ಒಂದಕ್ಕಿಂತ ಹೆಚ್ಚು ಮೂಲೆ ಒಟ್ಟಿಗೆ ಕುಸಿದರೆ ಮೂಲೆಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಮೇಲೆ. ಇಳಿಯುವುದೇ ಇಲ್ಲ, ಆದರೆ ಮೇಲೆಯೂ ಏಳುವುದಿಲ್ಲ ಎಂದರೆ ಆಗ ಫ್ಯೂಸ್, ಕಂಪ್ರೆಸರ್‌ಗೆ ವಿದ್ಯುತ್ ಕೊಡುವ ಸ್ವಿಚ್ಚಾದ ರಿಲೇ, ಕಂಪ್ರೆಸರ್ ಸರದಿ.

ನನ್ನದರಲ್ಲಿ ಕುಸಿದಿದ್ದು ಹಿಂದಿನ ಎಡ ಮೂಲೆ ಮಾತ್ರ.

ಗಾಡಿಯ ಕೆಳಗೆ ಕೈ ಹಾಕುವ ಮುಂಚೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗಾಳಿಯ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ತೂರಬಾರದು. ಎರಡು ಟನ್ ದಾಟುವ ಈ ಗಾಡಿಗಳು ಒಂದು ಪೈಪು ಕಳಚಿದರೆ ಕ್ಷಣದಲ್ಲಿ ಕೂತುಬಿಡುತ್ತವೆ. ಜ್ಯಾಕನ್ನೂ ಕಂಡಲ್ಲಿ ಕೊಡುವಂತಿಲ್ಲ, ನೆಲದಡಿ ತುಂಬಾ ಬ್ಯಾಟರಿಯೇ ಇರುತ್ತದೆ. ಕಂಪನಿ ಗುರುತು ಹಾಕಿದ ಜಾಗದಲ್ಲೇ ಕೊಟ್ಟು, ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಹೋಗಲಿಲ್ಲ.

ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿದ್ದೆ. ಏರ್ ಸ್ಪ್ರಿಂಗಿನ ರಬ್ಬರ್ ಚೀಲ (ಬೆಲ್ಲೋಸ್) ಮಡಚುವ ಜಾಗಕ್ಕೆ ಮೊದಲು ಹೊಡೆದೆ. ಸಸ್ಪೆನ್ಷನ್ ತಗ್ಗಿದ್ದಾಗ ಬಿರುಕು ಮಡಿಕೆಯೊಳಗೆ ಅಡಗಿರಬಹುದು, ಎತ್ತರಿಸಿದಾಗಲೇ ಬಾಯಿ ಬಿಟ್ಟೀತು. ಹಾಗಾಗಿ ಎರಡೂ ಮಟ್ಟದಲ್ಲಿ ನೋಡಬೇಕು. ಅಲ್ಲಿ ಏನೂ ಇರಲಿಲ್ಲ. ಸ್ಪ್ರಿಂಗಿನ ತಲೆಯಲ್ಲಿ ಪೈಪು ಸೇರುವ ಕಡೆ ಟಾರ್ಚ್ ಹಿಡಿದು ಕಾದೆ. ಸ್ವಲ್ಪ ಹೊತ್ತಿಗೆ ಫಿಟ್ಟಿಂಗಿನ ಸುತ್ತ, ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಏಳುವಂಥ ಸಣ್ಣ ನೊರೆ ಕಟ್ಟತೊಡಗಿತು. ಒರೆಸಿ ಮತ್ತೆ ಹೊಡೆದೆ, ಅದೇ ಜಾಗದಲ್ಲಿ ಮತ್ತೆ ನೊರೆ. ಇಷ್ಟು ನಿಧಾನದ ಸೋರಿಕೆಗೆ ಸದ್ದೂ ಇರುವುದಿಲ್ಲ. ಕಿವಿಗೊಟ್ಟು ಹುಡುಕುವವರಿಗೆ ಇದು ಸಿಗುವುದು ಕಷ್ಟ.

ಸ್ಕ್ಯಾನರ್‌ನಿಂದ ಆ ಮೂಲೆಯ ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆ ಫಿಟ್ಟಿಂಗ್ ಬಿಚ್ಚಿದೆ. ಪೈಪಿನ ತುದಿಯಲ್ಲಿ ಉದ್ದಕ್ಕೆ ಒಂದು ಗೀರು. ಅದೇ ಗಾಳಿಗೆ ದಾರಿ. ಗೀರಿದ್ದಷ್ಟು ಭಾಗವನ್ನು ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿದೆ. ಓರೆ ಕತ್ತರಿಸಿದರೆ, ಹಳೇ ಫಿಟ್ಟಿಂಗನ್ನೇ ಮತ್ತೆ ತಿರುಗಿಸಿದರೆ ಸೋರಿಕೆ ಮರಳುತ್ತದೆ. ಪೈಪಿನೊಳಗೆ ನೀರಿನ ಪಸೆ ಇದೆಯೇ ಎಂದೂ ನೋಡಿದೆ. ಇದ್ದಿದ್ದರೆ ಕಂಪ್ರೆಸರ್ ಜೊತೆಗಿನ, ಗಾಳಿಯ ತೇವ ಹೀರುವ ಡ್ರೈಯರ್ ಮುಗಿದಿದೆ ಎಂದರ್ಥ, ಆ ತೇವ ವಾಲ್ವ್‌ಗಳನ್ನು ತಿನ್ನುತ್ತದೆ. ಒಣಗಿತ್ತು.

ಇದರ ಜೊತೆಗೇ ಕಂಪ್ರೆಸರ್ ರಿಲೇಯನ್ನೂ ಬದಲಿಸಿದೆ. ಬಹಳ ಕಾಲ ಅತಿಯಾಗಿ ದುಡಿದ ರಿಲೇಯ ಕಾಂಟ್ಯಾಕ್ಟ್‌ಗಳು ಅಂಟಿಕೊಂಡರೆ ಗಾಡಿ ಆಫ್ ಆದರೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಚಿಕ್ಕ ಭಾಗ, ಅದಕ್ಕೆ ಜಿಪುಣತನ ಸಲ್ಲ. ಕೋಡ್ ಅಳಿಸಿ, ರಾತ್ರಿ ಬಿಟ್ಟು ಮತ್ತೆ ಅಳೆದಾಗ ನಾಲ್ಕೂ ಮೂಲೆ ಹೊಂದಿಕೆಯಲ್ಲಿದ್ದವು. ಕಂಪ್ರೆಸರ್ ಹಳೆಯದೇ.

ಅಳತೆಯಲ್ಲಿ ಇಳಿಕೆಯೇ ಇಲ್ಲದೆ ಎಚ್ಚರಿಕೆ ಬರುತ್ತಿದ್ದರೆ ಚಕ್ರದ ಬಳಿ ಇರುವ ಎತ್ತರದ ಸೆನ್ಸರ್ ನೋಡಿ. ಅದರ ಪುಟ್ಟ ಕಡ್ಡಿಯ ಕೀಲು ಕಲ್ಲು ಬಡಿದೋ ತುಕ್ಕು ಹಿಡಿದೋ ಕಳಚಿರುತ್ತದೆ. ಸೆನ್ಸರ್ ಬದಲಿಸಿದರೆ ಸ್ಕ್ಯಾನರ್‌ನಲ್ಲಿ ಎತ್ತರದ ಕ್ಯಾಲಿಬ್ರೇಷನ್ ಮಾಡಿಸಲೇಬೇಕು. ಮಾಡಿಸದೆ ಗಾಡಿ ತಗ್ಗಿದ ಮಟ್ಟದಲ್ಲೇ ಓಡಾಡಿದರೆ ಚಕ್ರ ಒಳಕ್ಕೆ ವಾಲಿ ಟೈರಿನ ಒಳ ಅಂಚು ಸವೆದುಹೋಗುತ್ತದೆ, ಹೊರಗಿನಿಂದ ನೋಡಿದರೆ ಅದು ಕಾಣುವುದೂ ಇಲ್ಲ.