ಆ ಲ್ಯಾಕ್ಟೇಟ್ ಬಂದಿದ್ದು ಕ್ಯಾನ್ಸರ್‌ನಿಂದ ಅಲ್ಲ

ಬಾಯಿ ಕ್ಯಾನ್ಸರ್ ಇರೋರ ರಕ್ತದಲ್ಲಿ ಯಾವ ಮೆಟಾಬೊಲೈಟ್ ಹೆಚ್ಚುಕಮ್ಮಿ ಆಗಿರುತ್ತೆ ಅಂತ ಹುಡುಕೋ ಕೆಲಸ ನಮ್ಮದು. ಮೆಟಾಬೊಲೈಟ್ ಅಂದ್ರೆ ಗ್ಲೂಕೋಸ್, ಅಮೈನೋ ಆಸಿಡ್ ಥರದ ಸಣ್ಣ ಸಣ್ಣ ಅಣುಗಳು. ಮೊದಲನೇ ಬ್ಯಾಚ್‌ನ, ಅಣುಗಳನ್ನ ತೂಕದ ಮೇಲೆ ಗುರುತಿಸೋ ಮಷಿನ್ ಆದ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಓಡಿಸಿದಾಗ ಪೇಷೆಂಟ್‌ಗಳ ಸ್ಯಾಂಪಲ್‌ನಲ್ಲಿ ಲ್ಯಾಕ್ಟೇಟ್ (ಗ್ಲೂಕೋಸ್ ಒಡೆದಾಗ ಸಿಗೋ ಅಣು) ಎದ್ದು ಕಾಣೋಷ್ಟು ಜಾಸ್ತಿ, ಗ್ಲೂಕೋಸ್ ಕಮ್ಮಿ. ನಾವು ನಂಬಿಬಿಟ್ವಿ, ಯಾಕಂದ್ರೆ ಕ್ಯಾನ್ಸರ್ ಕೋಶಗಳು ಆಕ್ಸಿಜನ್ ಇದ್ರೂ ಗ್ಲೂಕೋಸ್‌ನ ಲ್ಯಾಕ್ಟೇಟ್ ಮಾಡ್ತವೆ ಅಂತ ಓಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ರಲ್ಲ, ಅದಕ್ಕೆ ಸರಿಯಾಗಿ ಕೂತಿತ್ತು.

ಜೊತೆಗೆ ಹೈಪೋಕ್ಸಾಂಥಿನ್ ಕೂಡ ಏರಿತ್ತು, ರಕ್ತ ಟ್ಯೂಬಲ್ಲಿ ಹಾಗೇ ಕೂತ್ರೆ ಕಣಗಳಿಂದ ಹೊರಬರೋ ಅಣು ಅದು, ಅದೇ ನನಗೆ ಅನುಮಾನ ತಂದಿದ್ದು. ರಿಜಿಸ್ಟರ್ ತೆಗೆದು ರಕ್ತ ತೆಗೆದ ಟೈಮು, ಜೋರಾಗಿ ತಿರುಗಿಸಿ ರಕ್ತಕಣ ಬೇರೆ ಮಾಡೋ ಸೆಂಟ್ರಿಫ್ಯೂಜ್‌ಗೆ ಹಾಕಿದ ಟೈಮು ಎರಡನ್ನೂ ಪಕ್ಕಪಕ್ಕ ಬರ್ಕೊಂಡು ನೋಡ್ದೆ. ಆರೋಗ್ಯವಾಗಿರೋರ ಟ್ಯೂಬ್ ಲ್ಯಾಬ್ ಪಕ್ಕದಲ್ಲೇ ತೆಗೆದಿದ್ದು, ಅರ್ಧ ಗಂಟೆಯಲ್ಲಿ ಪ್ಲಾಸ್ಮಾ, ಅಂದ್ರೆ ಕಣ ಬಿಟ್ಟು ಉಳಿಯೋ ದ್ರವ, ಬೇರೆ ಆಗಿತ್ತು, ಪೇಷೆಂಟ್‌ಗಳದ್ದು ಓಪಿಡಿ ಮುಗಿಯೋವರೆಗೂ ಮೂರ್ನಾಲ್ಕು ಗಂಟೆ ಹಾಗೇ ಟ್ರೇನಲ್ಲಿ. ಕೆಂಪು ರಕ್ತಕಣಕ್ಕೆ ಆಕ್ಸಿಜನ್ ಬಳಸಿ ಶಕ್ತಿ ಮಾಡೋ ಮೈಟೊಕಾಂಡ್ರಿಯಾ ಇರಲ್ಲ, ಟ್ಯೂಬ್ ಒಳಗೂ ಅದು ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಬಿಡ್ತಾನೇ ಇರುತ್ತೆ. ಅಷ್ಟು ದಿನ ಕೂತು ನಾವು ಅಳೆದಿದ್ದು ಟ್ಯೂಬ್ ಎಷ್ಟು ಹೊತ್ತು ಕಾದಿತ್ತು ಅನ್ನೋದನ್ನ. ಅಷ್ಟು ನೋವಲ್ಲಿರೋ ಜನ ನಮ್ಮನ್ನ ನಂಬಿ ಕೊಟ್ಟ ರಕ್ತ ಅದು, ಆ ಸಂಕಟ ಇನ್ನೂ ಹೋಗಿಲ್ಲ.

ಎರಡನೇ ಸಲ ಎಲ್ಲಾ ಬೆಳಗ್ಗೆ ಖಾಲಿ ಹೊಟ್ಟೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಇಡಿಟಿಎ ಇರೋ ಟ್ಯೂಬ್ ತಕ್ಷಣ ಐಸ್ ಮೇಲೆ, 30 ನಿಮಿಷದೊಳಗೆ 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್, ಕಣ ಒಡೆದು ಕೆಂಪಗೆ ಕಂಡ ಪ್ಲಾಸ್ಮಾ ಪಕ್ಕಕ್ಕೆ, ಉಳಿದದ್ದು ಸಣ್ಣ ಸಣ್ಣ ವಯಲ್‌ಗೆ ಹಂಚಿ ಮೈನಸ್ 80ಕ್ಕೆ, ಪದೇ ಪದೇ ಕರಗಿಸಿದ್ರೆ ಕೆಡುತ್ತೆ ಅಂತ. ಆಮೇಲೆ ತಣ್ಣಗಿನ ಮೆಥನಾಲ್ ಹಾಕಿ ಪ್ರೋಟೀನ್ ತಳಕ್ಕೆ ಇಳಿಸಿ ತೆಗೆಯೋದು. ಎಲ್ಲರ ಪ್ಲಾಸ್ಮಾ ಸ್ವಲ್ಪ ಸ್ವಲ್ಪ ಸೇರಿಸಿ ಒಂದು ಪೂಲ್ ಮಾಡಿ ಹತ್ತು ಸ್ಯಾಂಪಲ್‌ಗೆ ಒಂದ್ಸಲ ಅದನ್ನೇ ಓಡಿಸ್ತಿದ್ವಿ, ಅದರಲ್ಲೇ 30 ಪರ್ಸೆಂಟ್‌ಗಿಂತ ಜಾಸ್ತಿ ಅಲ್ಲಾಡೋ ಪೀಕ್, ಅಂದ್ರೆ ಮಷಿನ್ ತೋರಿಸೋ ಅಣುವಿನ ಸಿಗ್ನಲ್, ಬಿಟ್ವಿ. ಪೇಷೆಂಟ್, ಆರೋಗ್ಯವಂತರು ಎಲ್ಲಾ ಕಲಸಿ ಓಡಿಸೋದು, ಇಲ್ದಿದ್ರೆ ಮಷಿನ್ ದಿನದಿಂದ ದಿನಕ್ಕೆ ಬದಲಾಗೋದೇ ರೋಗದ ಥರ ಕಾಣುತ್ತೆ.

ಲ್ಯಾಕ್ಟೇಟ್ ವ್ಯತ್ಯಾಸ ಹೆಚ್ಚುಕಮ್ಮಿ ಮಾಯ. ಕೊಟಿನಿನ್ ಮಾತ್ರ ದೊಡ್ಡದಾಗಿ ಬಂತು, ಅದು ತಂಬಾಕಿಂದ ಬರೋದು, ಹಾಗಾಗಿ ತಂಬಾಕು ಹಾಕೋ ಆದ್ರೆ ಕ್ಯಾನ್ಸರ್ ಇಲ್ಲದೋರನ್ನೂ ಸೇರಿಸ್ಕೊಂಡ್ವಿ. ಇನ್ನೊಂದು ಗಟ್ಟಿಯಾಗಿ ನಿಂತಿದ್ದು 3-ಹೈಡ್ರಾಕ್ಸಿಬ್ಯುಟಿರೇಟ್. ಆದ್ರೆ ಬಾಯಿ ತೆಗೆಯೋಕೇ ಆಗದೆ ಗಂಜಿ ಕುಡ್ಕೊಂಡಿರೋ ಮನುಷ್ಯನ ಮೈಯಲ್ಲಿ ಕೊಬ್ಬು ಕರಗಿದ್ರೂ ಅದು ಏರುತ್ತೆ. ಅದಕ್ಕೇ ಈಗ ರಕ್ತ ತೆಗೆಯೋ ಮುಂಚೆ, ನಿನ್ನೆ ಏನು ಊಟ ಮಾಡಿದ್ರಿ, ಅನ್ನ ಬಿಟ್ಟು ಎಷ್ಟು ದಿನ ಆಯ್ತು ಅಂತ ಕೂತು ಕೇಳಿ ಬರ್ಕೊಳ್ತೀವಿ.