ಗಟ್ಟಿಮೇಳ ಶುರುವಾದಾಗ ವೇದಿಕೆಗೆ ಬೆನ್ನು ಹಾಕಿ

ನಮ್ಮ ಚಿಕ್ಕಪ್ಪನ ಮಗಳ ಮದುವೆ ಆಲ್ಬಮ್ಮಿನಲ್ಲಿ ಮಾಂಗಲ್ಯಧಾರಣೆಯ ಪುಟ ಒಂದಿದೆ. ಅದರಲ್ಲಿ ಮದುಮಗ ಪೂರ್ತಿ ಕಾಣುತ್ತಾನೆ, ಮದುಮಗಳು ಅರ್ಧ ಕಾಣುತ್ತಾಳೆ. ಇನ್ನರ್ಧ ಜಾಗದಲ್ಲಿ ನೀಲಿ ಚೆಕ್ಸ್ ಶರ್ಟಿನ ಒಂದು ಬೆನ್ನು, ಮೇಲೆತ್ತಿದ ಕೈ, ಕೈಯಲ್ಲೊಂದು ಮೊಬೈಲ್. ಆ ಬೆನ್ನು ನನ್ನದು. ದುಡ್ಡು ಕೊಟ್ಟು ಕರೆಸಿದ ಫೋಟೊಗ್ರಾಫರಿಗೆ ಅಡ್ಡ ನಿಂತು ನಾನು ತೆಗೆದ ಫೋಟೊ ಆದರೂ ಚೆನ್ನಾಗಿ ಬಂತಾ? ಅದರಲ್ಲಿ ಪುರೋಹಿತರ ಮೊಣಕೈ ಬಹಳ ಸ್ಪಷ್ಟವಾಗಿದೆ, ಅಷ್ಟೆ. ಆ ಪುಟ ಬಂದಾಗಲೆಲ್ಲ ಚಿಕ್ಕಮ್ಮ ಇವತ್ತಿಗೂ ನನ್ನ ಮುಖ ನೋಡುತ್ತಾರೆ.

ಅವತ್ತೇ ವೇದಿಕೆಯ ಫೋಟೊ ತೆಗೆಯುವುದನ್ನು ಬಿಟ್ಟೆ. ಅಲ್ಲಿ ಇಬ್ಬರು ಫೋಟೊಗ್ರಾಫರು, ಒಬ್ಬ ವಿಡಿಯೊದವನು, ಲೈಟು ಹಿಡಿದ ಹುಡುಗ ಎಲ್ಲ ಇರುತ್ತಾರೆ. ನಮ್ಮ ಮೊಬೈಲು ಅವರ ಮುಂದೆ ಏನೂ ಅಲ್ಲ. ಆದರೆ ನೆಂಟರಾಗಿ ಹೋದವರಿಗೆ ಅವರಿಗಿಲ್ಲದ ಒಂದು ಅನುಕೂಲ ಇದೆ. ನಮಗೆ ಜನ ಗೊತ್ತು. ಯಾವ ಅತ್ತೆಗೆ ಯಾವಾಗ ಅಳು ಬರುತ್ತದೆ, ಯಾವ ಮಾವ ಪಂಕ್ತಿಯಲ್ಲಿ ಯಾರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ ಕಾಡುತ್ತಾರೆ, ಇದೆಲ್ಲ ಬಾಡಿಗೆಗೆ ಬಂದವರಿಗೆ ಹೇಗೆ ತಿಳಿಯಬೇಕು? ಆಲ್ಬಮ್ಮಿನಲ್ಲಿ ಸಿಗದ ಆ ಫೋಟೊಗಳನ್ನು ತೆಗೆಯುವುದು ಹೇಗೆ ಅಂತ ನೋಡೋಣ.

ಹಿಂದಿನ ರಾತ್ರಿಯ ಕೆಲಸ

ಮೊದಲು ಫೋನಿನಲ್ಲಿ ಜಾಗ ಮಾಡಿಕೊಳ್ಳಿ. ಗುಡ್ ಮಾರ್ನಿಂಗ್ ಫೋಟೊ, ಫಾರ್ವರ್ಡ್ ವಿಡಿಯೊಗಳನ್ನು ಅಳಿಸಿದರೇ ಎಷ್ಟೋ ಜಾಗ ಸಿಗುತ್ತದೆ. ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿ. ಕನ್ನಡಕ ಒರೆಸುವ ಬಟ್ಟೆಯೊಂದನ್ನು ಜೇಬಿಗೆ ಹಾಕಿಕೊಳ್ಳಿ. ಇದು ಸಣ್ಣ ಮಾತಲ್ಲ. ಮದುವೆ ಮನೆಯಲ್ಲಿ ಕೈಗೆ ಅರಿಶಿನ, ಗಂಧ, ತುಪ್ಪ ಏನಾದರೂ ಅಂಟಿಯೇ ಇರುತ್ತದೆ. ಅದೇ ಬೆರಳು ಲೆನ್ಸಿಗೆ ತಾಗಿದರೆ ದೀಪದ ಸುತ್ತ ಮಂಜು ಕವಿದ ಹಾಗೆ ಬರುತ್ತದೆ. 'ನನ್ನ ಫೋನಿನ ಕ್ಯಾಮೆರಾ ಹಾಳಾಗಿದೆ' ಅನ್ನುವವರ ಲೆನ್ಸನ್ನು ಒಮ್ಮೆ ಒರೆಸಿ ನೋಡಿ, ಅರ್ಧ ಜನರ ಕ್ಯಾಮೆರಾ ಅಲ್ಲೇ ರಿಪೇರಿ ಆಗುತ್ತದೆ.

ಆಮೇಲೆ ಐದಾರು ಜನರ ಹೆಸರು ಬರೆದುಕೊಳ್ಳಿ. ಮದುಮಕ್ಕಳದ್ದಲ್ಲ. ಅಜ್ಜಿ, ಸೋದರಮಾವ, ಮದುಮಗಳ ತಂಗಿ, ಬೆಳಗಿನಿಂದ ಊಟ ಮಾಡದೆ ಓಡಾಡುವ ಆ ಒಬ್ಬ ಭಾವ, ಹೀಗೆ. ನೀವು ನಾಳೆ ಹಿಂಬಾಲಿಸಬೇಕಾದದ್ದು ಇವರನ್ನು. ಸಿಕ್ಕಿದ್ದನ್ನೆಲ್ಲ ಕ್ಲಿಕ್ಕಿಸುತ್ತ ಹೋದರೆ ರಾತ್ರಿ 800 ಫೋಟೊ ಇರುತ್ತವೆ, ನೋಡುವಂಥದ್ದು ನಾಲ್ಕೂ ಇರುವುದಿಲ್ಲ. ಹಿಂದೆ ಒಂದು ರೀಲಿಗೆ 36 ಫೋಟೊ ಅಂತಿತ್ತು. ಒಂದು ದಿನಕ್ಕೆ ಎರಡು ರೀಲು ಮಾತ್ರ ಇದೆ ಅಂತ ಅಂದುಕೊಂಡು ಹೋಗಿ, ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಛತ್ರಕ್ಕೆ ಕಾಲಿಟ್ಟ ಕೂಡಲೆ

ಕಾಫಿಗೂ ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಅಂತ ಒಂದು ಸುತ್ತು ಹಾಕಿ. ಬೇಕಾದದ್ದು ಕಿಟಕಿ ಮತ್ತು ಬಾಗಿಲು. ಮದುಮಗಳ ಕೋಣೆಯ ಕಿಟಕಿ, ಉಗ್ರಾಣದ ಬಾಗಿಲು, ಅಡುಗೆಮನೆಯ ಹಿಂದಿನ ಅಂಗಳ, ಮೆಟ್ಟಿಲಿನ ತಿರುವು. ಇವು ನಿಮ್ಮ ಸ್ಟುಡಿಯೊ. ಯಾರನ್ನಾದರೂ ಕಿಟಕಿಯ ಪಕ್ಕ ನಿಲ್ಲಿಸಿ, ಬೆಳಕು ಒಂದು ಕೆನ್ನೆಗೆ ಬೀಳಲಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಬಣ್ಣದ ಬೆಳಕು ಬೆರೆತರೆ ಮುಖದ ಒಂದು ಭಾಗ ನೀಲಿ, ಇನ್ನೊಂದು ಹಳದಿ ಆಗುತ್ತದೆ.

ಹಾಲಿನ ಒಳಗಿನ ಎಲ್‌ಇಡಿ ದೀಪಗಳದ್ದು ಬೇರೆಯೇ ಕಾಟ. ನಮ್ಮ ಕರೆಂಟು 50 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 50 ಆವರ್ತ. ಒಂದೊಂದು ಆವರ್ತಕ್ಕೆ ಎರಡರಂತೆ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಯಾಗಿ ಬರುತ್ತದೆ. ಫೋನಿನಲ್ಲಿ ಪ್ರೊ ಮೋಡ್ (ಸೆಟ್ಟಿಂಗನ್ನು ನಾವೇ ಬದಲಿಸುವ ಮೋಡ್) ಇದ್ದರೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ, ಪಟ್ಟಿ ಬಹಳ ಮಟ್ಟಿಗೆ ಹೋಗುತ್ತದೆ.

ಇನ್ನೊಂದು ರೂಢಿ ಮಾಡಿಕೊಳ್ಳಿ. ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ. ಪಕ್ಕದಲ್ಲಿ ಒಂದು ಸೂರ್ಯನ ಚಿತ್ರ ಬರುತ್ತದಲ್ವಾ, ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿ ಪಂಚೆ, ಜರಿ ಅಂಚು, ಮೂಗುತಿ ಎಲ್ಲದರ ವಿವರ ಉಳಿಯುವುದು ಈ ಒಂದು ಎಳೆತದಲ್ಲಿ. ಫ್ಲ್ಯಾಶ್ ಆಫ್ ಮಾಡಿಯೇ ಇಡಿ.

ಅಂತರಪಟ: ಪಕ್ಕದಿಂದ ನೋಡಿ

ನಿಮ್ಮ ಕಡೆಯ ಶಾಸ್ತ್ರದಲ್ಲಿ ಅಂತರಪಟ ಇದ್ದರೆ ಇದೊಂದನ್ನು ತಪ್ಪಿಸಬೇಡಿ. ಎಲ್ಲರೂ ಎದುರಿನಿಂದ ತೆಗೆಯುತ್ತಾರೆ. ನೀವು ವೇದಿಕೆಯ ಕೆಳಗೆ, ಬಟ್ಟೆಯ ಅಂಚಿಗೆ ನೇರವಾಗಿ ಬರುವ ಹಾಗೆ ನಿಲ್ಲಿ. ಆಗ ಇಡೀ ಬಟ್ಟೆ ನಡುವೆ ಒಂದು ಗೆರೆಯಾಗುತ್ತದೆ. ಗೆರೆಯ ಈ ಕಡೆ ಅವಳು, ಆ ಕಡೆ ಅವನು. ಅವರಿಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ, ನಿಮಗೆ ಇಬ್ಬರೂ ಕಾಣುತ್ತಾರೆ. ಅವಳ ಮುಷ್ಟಿಯಲ್ಲಿ ಜೀರಿಗೆ ಬೆಲ್ಲ ಇರುತ್ತದೆ. ಮೊದಲು ನಾನೇ ಹಾಕಬೇಕು ಅನ್ನುವ ಹಟ ತುಟಿಯ ತುದಿಯಲ್ಲಿ ಇರುತ್ತದೆ. ಪಟ ಸರಿದ ಮೇಲಿನ ನಗು ಎಲ್ಲರ ಫೋನಿನಲ್ಲೂ ಸಿಗುತ್ತದೆ. ಸರಿಯುವುದಕ್ಕೆ ಮೊದಲಿನ ಈ ಹಟ ನಿಮ್ಮ ಹತ್ತಿರ ಮಾತ್ರ ಇರುತ್ತದೆ.

ಪಟ ಸರಿಯುವಾಗ ಒಂದೇ ಕ್ಲಿಕ್ ಸಾಲದು, ಸಾಲಾಗಿ ಹತ್ತಿಪ್ಪತ್ತು ಬೇಕು. ಕೆಲವು ಫೋನಿನಲ್ಲಿ ಬಟನ್ ಒತ್ತಿ ಹಿಡಿದರೆ ಆಯಿತು. ಐಫೋನಿನಲ್ಲಿ ಬಟನ್ನನ್ನು ಎಡಕ್ಕೆ ಎಳೆದು ಹಿಡಿಯಬೇಕು, ಸ್ಯಾಮ್‌ಸಂಗ್‌ನಲ್ಲಿ ಕೆಳಕ್ಕೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ. ಮಂಟಪದ ಮುಂದೆ ನಿಂತು ಸೆಟ್ಟಿಂಗ್ಸ್ ಹುಡುಕಿದರೆ ಆ ಹೊತ್ತಿಗೆ ಜೀರಿಗೆ ಬೆಲ್ಲ ನೆಲದ ಮೇಲಿರುತ್ತದೆ.

ಗಟ್ಟಿಮೇಳ: ಈಗ ತಿರುಗಿ

ಓಲಗದವರ ಪಕ್ಕ ಜಾಗ ಹಿಡಿಯಿರಿ. ಅವರು ಪುರೋಹಿತರ ಕೈಯನ್ನೇ ನೋಡುತ್ತಿರುತ್ತಾರೆ. ಡೋಲಿನವರು ಮಾತು ನಿಲ್ಲಿಸಿ ನೆಟ್ಟಗೆ ಕೂತರೆ ಇನ್ನೇನು ಬಂತು ಅಂತ ಅರ್ಥ. 'ಗಟ್ಟಿಮೇಳ, ಗಟ್ಟಿಮೇಳ' ಅಂತ ಕೂಗು ಕೇಳಿದ ತಕ್ಷಣ ಎಲ್ಲರೂ ವೇದಿಕೆಯ ಕಡೆ ನುಗ್ಗುತ್ತಾರೆ. ನೀವು ವೇದಿಕೆಗೆ ಬೆನ್ನು ಹಾಕಿ.

ಏನು ಕಾಣುತ್ತದೆ ನೋಡಿ. ಇನ್ನೂರು ಕೈ ಒಟ್ಟಿಗೆ ಮೇಲೇಳುತ್ತವೆ. ಮುಂದಿನ ಸಾಲಿನ ಅಜ್ಜಿ ಕುರ್ಚಿಯ ಕೈ ಹಿಡಿದು ಅರ್ಧ ಎದ್ದಿರುತ್ತಾರೆ. ಯಾರದ್ದೋ ಅಕ್ಷತೆ ಮಂಟಪ ಮುಟ್ಟದೆ ಎದುರಿನ ಬೋಳುತಲೆಯ ಮೇಲೆ ಬೀಳುತ್ತದೆ. ಒಂದು ಮಗು ತನ್ನ ಪಾಲಿನ ಅಕ್ಷತೆಯನ್ನು ಬಾಯಿಗೆ ಹಾಕಿಕೊಂಡಿರುತ್ತದೆ. ಮದುಮಗಳ ಗೆಳತಿ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾಳೆ. ಈ ಯಾವ ಮುಖಕ್ಕೂ ಆ ಗಳಿಗೆಯಲ್ಲಿ ಕ್ಯಾಮೆರಾದ ನೆನಪಿಲ್ಲ. ಇಡೀ ಮದುವೆಯಲ್ಲಿ ಇಂಥದ್ದು ಸಿಗುವುದು ಇದೊಂದೇ ಸಲ, ಅದೂ ಒಂದೆರಡು ನಿಮಿಷ.

ವೇದಿಕೆಯ ಬೆಳಕು ಮುಂದಿನ ಎರಡು ಸಾಲಿನ ಮುಖಗಳ ಮೇಲೆ ಬೀಳುತ್ತದೆ, ಹಿಂದಿನವರು ಕತ್ತಲಲ್ಲಿ ಇರುತ್ತಾರೆ. ಆದ್ದರಿಂದ ಮೊದಲು ಇಡೀ ಹಾಲಿನದ್ದು ಒಂದು, ಆಮೇಲೆ 2 ಎಕ್ಸ್‌ಗೆ ಹೋಗಿ ಮುಂದಿನ ಸಾಲಿನ ಮುಖಗಳು. ನಿಮ್ಮ ಪಟ್ಟಿಯಲ್ಲಿ ಇರುವವರು ಎಲ್ಲಿ ಕೂತಿದ್ದಾರೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಬೆಳಕು ಕಡಿಮೆ ಇದ್ದರೆ ಅಕ್ಷತೆಯ ಕಾಳುಗಳು ಗಾಳಿಯಲ್ಲಿ ಹಳದಿ ಗೆರೆಗಳಾಗಿ ಬರುತ್ತವೆ. ಅದನ್ನು ತಪ್ಪು ಅಂದುಕೊಂಡು ಅಳಿಸಬೇಡಿ. ನನಗಂತೂ ಕಾಳಿಗಿಂತ ಗೆರೆಯೇ ಇಷ್ಟ.

ಮುಖ ಬೇಡ, ಕೈ ತೆಗೆಯಿರಿ

ಕ್ಯಾಮೆರಾ ಕಂಡರೆ ಬಿಗಿಯುವ ಜನರಿದ್ದಾರೆ. ನಮ್ಮ ದೊಡ್ಡಪ್ಪ ಹಾಗೆ. ಫೋನು ಎತ್ತಿದರೆ ಆಧಾರ್ ಕಾರ್ಡಿನ ಮುಖ ಮಾಡುತ್ತಾರೆ. ಅಂಥವರ ಕೈ ತೆಗೆಯಿರಿ. ಧಾರೆ ಎರೆಯುವಾಗ ಒಂದರ ಕೆಳಗೊಂದು ಜೋಡಿಸಿದ ಕೈಗಳು ಆಲ್ಬಮ್ಮಿಗೆ ಹೇಗೂ ಹೋಗುತ್ತವೆ. ನೀವು ಉಗ್ರಾಣಕ್ಕೆ ಹೋಗಿ. ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ತುಂಬುವ ಕೈ, ಬೀಗದ ಕೈ ಗೊಂಚಲು ಹಿಡಿದು ಕೂತ ಸೋದರಮಾವ, ಮೊಗ್ಗಿನ ಜಡೆಗೆ ದಾರ ಬಿಗಿಯುವ ಬೆರಳು. ಎರಡಡಿ ಹತ್ತಿರ ಹೋಗಿ, ಹಿಂದಿನ ಗಲಾಟೆಯೆಲ್ಲ ಚೌಕಟ್ಟಿನಿಂದ ಹೊರಗೆ ಹೋಗಲಿ.

ಮಾತಾಡಿಸುತ್ತ ತೆಗೆಯುವುದೂ ಒಂದು ದಾರಿ. 'ಸ್ಮೈಲ್ ಮಾಡಿ' ಅಂದರೆ ಹಲ್ಲು ಕಾಣುತ್ತದೆ, ನಗು ಬರುವುದಿಲ್ಲ. 'ದೊಡ್ಡಪ್ಪಾ, ನಿಮ್ಮ ಮದುವೆಗೆ ಬಸ್ಸು ಕೆಟ್ಟಿತ್ತಂತೆ, ಹೌದಾ?' ಅಂತ ಕೇಳಿ. ಅವರು ಕಥೆ ಶುರು ಮಾಡಿದ ಮೇಲೆ ಅರ್ಧ ನಿಮಿಷ ಬಿಟ್ಟು ಫೋನು ಎತ್ತಿ.

ಗ್ರೂಪ್ ಫೋಟೊದ ಲೆಕ್ಕ

ಇದರಿಂದ ಯಾರೂ ತಪ್ಪಿಸಿಕೊಳ್ಳಲಾಗದು. ಎರಡು ಸೂತ್ರ ಸಾಕು. ಒಂದು, 0.5 ಲೆನ್ಸ್, ಅಂದರೆ ತುಂಬ ಅಗಲಕ್ಕೆ ಹಿಡಿಯುವ ಲೆನ್ಸ್ ಬಳಸಬೇಡಿ. ಅದು ಅಂಚಿನಲ್ಲಿ ನಿಂತವರನ್ನು ಅಡ್ಡಕ್ಕೆ ಎಳೆಯುತ್ತದೆ, ಸಣ್ಣಗಿದ್ದ ಅತ್ತಿಗೆ ದಪ್ಪ ಆಗುತ್ತಾರೆ, ಆಮೇಲೆ ಬೈಸಿಕೊಳ್ಳುವವರು ನೀವು. ನಾಲ್ಕು ಹೆಜ್ಜೆ ಹಿಂದೆ ಹೋಗಿ 1 ಎಕ್ಸ್‌ನಲ್ಲೇ ತೆಗೆಯಿರಿ.

ಎರಡನೆಯದು ಕಣ್ಣು ಮುಚ್ಚುವವರ ಸಮಸ್ಯೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದಕ್ಕೆ ನಿಜವಾಗಿಯೂ ಲೆಕ್ಕ ಹಾಕಿದರು. ಅದಕ್ಕೆ 2006ರಲ್ಲಿ ಅವರಿಗೆ ಗಣಿತದ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅವರ ಸುಲಭ ಸೂತ್ರ ಇಷ್ಟು: 20ಕ್ಕಿಂತ ಕಡಿಮೆ ಜನ ಇದ್ದರೆ, ಒಳ್ಳೆ ಬೆಳಕಿನಲ್ಲಿ ತಲೆಗಳ ಸಂಖ್ಯೆಯನ್ನು 3ರಿಂದ ಭಾಗಿಸಿ, ಮಂದ ಬೆಳಕಿನಲ್ಲಿ 2ರಿಂದ. ಅಂಗಳದಲ್ಲಿ 18 ಜನ ನಿಂತಿದ್ದರೆ ಆರು ಫೋಟೊ, ಹಾಲಿನ ಒಳಗಾದರೆ ಒಂಬತ್ತು. ಅಷ್ಟು ತೆಗೆದರೆ ಎಲ್ಲರೂ ಕಣ್ಣು ಬಿಟ್ಟ ಒಂದಾದರೂ ಸಿಗುವ ಸಾಧ್ಯತೆ ಜಾಸ್ತಿ. ಲೆಕ್ಕ ಬೇಡ ಅನ್ನುವವರು, ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ ಮೂರು ಎಣಿಸಿ 'ಬಿಡಿ' ಅನ್ನಲಿ.

ಆರನೇ ಫೋಟೊ ಆದ ಮೇಲೆ 'ಆಯ್ತು, ಥ್ಯಾಂಕ್ಸ್' ಅನ್ನಿ. ಆದರೆ ಫೋನು ಇಳಿಸಬೇಡಿ. ಸಾಲು ಒಡೆದು ಒಬ್ಬರ ಹೆಗಲಿಗೆ ಇನ್ನೊಬ್ಬರು ಬೀಳುತ್ತಾರಲ್ಲ, ಏಳನೆಯದು ಅದು. ಮನೆಯ ಗೋಡೆಗೆ ಹೋಗುವುದೂ ಅದೇ.

ಪಂಕ್ತಿಯಲ್ಲಿ

ಊಟ ಮಾಡುವವರ ಬಾಯಿ ತೆಗೆಯಬೇಡಿ, ಯಾರಿಗೂ ಚೆನ್ನಾಗಿ ಕಾಣುವುದಿಲ್ಲ. ಬಡಿಸುವವರನ್ನು ತೆಗೆಯಿರಿ.

ಮನೆಯೊಳಗಿನ ಸಣ್ಣ ಕಾರ್ಯಗಳು

ನಾಮಕರಣಕ್ಕೆ ಒಂದು ಉಪಾಯ ಇದೆ. ಮಗುವನ್ನು ಮಲಗಿಸುವ ಮೊದಲು, ತೊಟ್ಟಿಲು ಖಾಲಿ ಇರುವಾಗ, ಫೋನನ್ನು ಅದರೊಳಗೆ ಮೇಲ್ಮುಖವಾಗಿ ಇಟ್ಟು 10 ಸೆಕೆಂಡಿನ ಟೈಮರ್ ಹಾಕಿ. ಎಲ್ಲರೂ ಸುತ್ತ ಬಗ್ಗಿ ನೋಡಲಿ. ಇಷ್ಟು ಮುಖಗಳು ತನ್ನ ಮೇಲೆ ಬಗ್ಗಿದಾಗ ಮಗುವಿಗೆ ಏನು ಕಂಡಿತು ಅಂತ ಆ ಮಗುವೇ ಮುಂದೆ ನೋಡಬಹುದು. ಇಲ್ಲಿ ಮಾತ್ರ 0.5 ಲೆನ್ಸ್ ನಡೆಯುತ್ತದೆ, ಯಾರೂ ಬೈಯುವುದಿಲ್ಲ.

ಸೀಮಂತದಲ್ಲಿ ಆರತಿ ಎತ್ತುವಾಗ ಬೇರೆ ದೀಪ ಆರಿಸಲು ಹೇಳಿ. ಆರತಿ ತಟ್ಟೆ ತೀರಾ ಕೆಳಗಿದ್ದರೆ ಬೆಳಕು ಗದ್ದದ ಕೆಳಗಿನಿಂದ ಬಿದ್ದು ಮುಖ ಭೂತದ ಹಾಗೆ ಆಗುತ್ತದೆ. ಮುಖದ ಮಟ್ಟಕ್ಕೆ ಬಂದಾಗ ಒತ್ತಿ. ಷಷ್ಟಿಪೂರ್ತಿಗೆ ಆ ದಂಪತಿಯ ಹಳೆಯ ಮದುವೆ ಫೋಟೊ ಹುಡುಕಿ, ಅದೇ ಥರ ನಿಲ್ಲಿಸಿ. ಅವತ್ತು ಹೆಂಡತಿ ಎಡಕ್ಕಿದ್ದರೆ ಇವತ್ತೂ ಎಡಕ್ಕೇ. ಗಾಜು ಹಾಕಿದ ಫ್ರೇಮನ್ನು ಕೈಯಲ್ಲಿ ಹಿಡಿಸುವುದಾದರೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಕಿಟಕಿಯ ಹೊಳಪು ಹೋಗುತ್ತದೆ.

ಬರಲಾಗದೆ ಅಮೆರಿಕದಲ್ಲೋ ದುಬೈನಲ್ಲೋ ಉಳಿದ ಮಗ ವಿಡಿಯೊ ಕಾಲ್‌ನಲ್ಲಿ ಇರುತ್ತಾನೆ. ಅಮೆರಿಕದಲ್ಲಾದರೆ ಅಪರಾತ್ರಿಯಲ್ಲಿ ಎದ್ದು ಕೂತಿರುತ್ತಾನೆ ಪಾಪ. ಸ್ಕ್ರೀನ್‌ಶಾಟ್ ತೆಗೆದು ಸುಮ್ಮನಾಗಬೇಡಿ. ಆ ಫೋನನ್ನು ಎರಡು ಕೈಯಲ್ಲಿ ಹಿಡಿದು ಅಕ್ಷತೆ ಹಾಕುತ್ತಿರುವ ಅಮ್ಮನನ್ನು ಪಕ್ಕದಿಂದ ತೆಗೆಯಿರಿ. ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿದರೆ ಅವನ ಮುಖವೂ ಕಾಣುತ್ತದೆ.

ತೆಗೆದ ಮೇಲೆ

ಸ್ಟೇಟಸ್‌ಗೆ ಹಾಕುವ ಮೊದಲು ಕೇಳಿ. ಮದುಮಗಳ ಕೋಣೆಯ ಫೋಟೊ, ಅಳುತ್ತಿರುವ ಮುಖ, ಚಿಕ್ಕ ಮಕ್ಕಳು, ಇವನ್ನಂತೂ ಕೇಳದೆ ಹಾಕಲೇಬಾರದು. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಅದೇ ವಾರ ಕೂತು 20 ಮಾತ್ರ ಆರಿಸಿ.

ಅದರಲ್ಲಿ ಐದನ್ನು ಪ್ರಿಂಟ್ ಹಾಕಿಸಿ, ಯಾರ ಫೋಟೊ ಇದೆಯೋ ಅವರ ಕೈಗೇ ಕೊಡಿ. ಹಿಂದೆ ಹೆಸರು, ಊರು, ತಾರೀಖು ಬರೆಯಿರಿ. ಬಾಲ್ ಪೆನ್ನು ಬೇಡ, ಒತ್ತಿ ಬರೆದರೆ ಮುಂದೆ ಮುಖದ ಮೇಲೆ ಗೆರೆ ಮೂಡುತ್ತದೆ. ಸಿಡಿ ಮೇಲೆ ಬರೆಯುವ ಮಾರ್ಕರ್ ತಗೊಂಡು ಅಂಚಿನಲ್ಲಿ ಬರೆದು, ಒಣಗುವ ತನಕ ಒಂದರ ಮೇಲೊಂದು ಇಡಬೇಡಿ. ಚಿಕ್ಕಮ್ಮನಿಗೆ ನಾನು ಹೋದ ವರ್ಷ ಅಂಥದ್ದೊಂದು ಕೊಟ್ಟೆ, ಅಕ್ಷತೆ ಎಸೆಯುತ್ತಿರುವ ಅವರದ್ದೇ ಮುಖ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, 'ಇದರಲ್ಲಿ ನಿನ್ನ ಬೆನ್ನು ಎಲ್ಲೋ?' ಅಂದರು.