ಹಸಿರು ಪುಡಿಯನ್ನು ಕಷಾಯದ ಹಾಗೆ ಕುದಿಸಬೇಡಿ

ಎರಡು ವರ್ಷದ ಹಿಂದೆ ನಮ್ಮಲ್ಲಿ ಉಳಿಯಲು ಬಂದ ಬೆಂಗಳೂರಿನ ಹುಡುಗರು ಹೋಗುವಾಗ ಒಂದು ಪುಟ್ಟ ಡಬ್ಬಿ ಕೊಟ್ಟು ಹೋದರು. ಶಿರಸಿಯಿಂದ ಬನವಾಸಿ ಕಡೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಬದಿಯ ಮನೆ ನಮ್ಮದು. ಎರಡು ಕೋಣೆ ಹೋಮ್‌ಸ್ಟೇಗೆ ಇಟ್ಟಿದ್ದೇವೆ. "ಆಂಟಿ, ಇದು ಮಚ್ಚಾ. ಕುಡಿದು ನೋಡಿ" ಅಂದರು. ನನಗೆ ನಗು ಬಂತು. ಮೂರು ದಿನದಿಂದ ಒಬ್ಬರನ್ನೊಬ್ಬರು ಗೆಳೆಯಾ ಅನ್ನುವ ಹಾಗೆ "ಮಚ್ಚಾ, ಮಚ್ಚಾ" ಅಂತ ಕರೆಯುತ್ತಿದ್ದವರು ಅವರೇ.

ಅವರು ಹೋದ ಮೇಲೆ ನಾನು ಏನು ಮಾಡಿದೆ ಗೊತ್ತಾ? ಕೊತ್ತಂಬರಿ-ಜೀರಿಗೆ ಕಷಾಯ ಮಾಡುವ ಹಾಗೆಯೇ ಮಾಡಿದೆ. ನೀರಿಗೆ ಬೆಲ್ಲ ಹಾಕಿ, ಎರಡು ದೊಡ್ಡ ಚಮಚ ಪುಡಿ ಸುರಿದು, ಹಾಲು ಹಾಕಿ ಚೆನ್ನಾಗಿ ಕುದಿಸಿದೆ. ಮೇಲೆ ಗಂಟು ತೇಲಿತು, ತಳದಲ್ಲಿ ಕೆಸರು ಕೂತಿತು. ಬಣ್ಣವಂತೂ ಸಗಣಿ ನೀರಿನದು. ನಮ್ಮವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದು ಆಕಳಿಗೆ ಕಾಸಿದ್ದಾ?" ಅಂದರು.

ಮರುದಿನ ಒಂದೆಲಗದ ತಂಬ್ಳಿ ಮಾಡುವಾಗ ನನಗೆ ಹೊಳೆಯಿತು. ತಂಬ್ಳಿಯನ್ನು ನಾನು ಯಾವತ್ತಾದರೂ ಕುದಿಸಿದ್ದೇನಾ? ಸೊಪ್ಪನ್ನು ತುಪ್ಪದಲ್ಲಿ ಒಂದು ಸಲ ಬಾಡಿಸಿ, ಕಾಯಿ ಜೊತೆ ನುಣ್ಣಗೆ ಅರೆದು, ಕೊನೆಗೆ ಮಜ್ಜಿಗೆಗೆ ಸೇರಿಸುತ್ತೇವೆ. ಆಮೇಲೆ ಒಲೆ ಮೇಲೆ ಇಡುವುದೇ ಇಲ್ಲ. ಸೊಪ್ಪಿನ ಪುಡಿಯೂ ಸೊಪ್ಪೇ ತಾನೇ? ಅವತ್ತಿನಿಂದ ಮಚ್ಚಾ ಇರಲಿ, ನುಗ್ಗೆ ಸೊಪ್ಪಿನ ಪುಡಿ ಇರಲಿ, ತಂಬ್ಳಿ ಬುದ್ಧಿಯಲ್ಲೇ ಅಡುಗೆ ಮಾಡುತ್ತಿದ್ದೇನೆ.

ಮೊದಲು ಮಚ್ಚಾ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಅದು ಚಹಾ ಗಿಡದ ಎಲೆಯೇ. ಜಪಾನಿನಲ್ಲಿ, ಕ್ಯೋಟೋ ಹತ್ತಿರದ ಉಜಿ, ಐಚಿ ಪ್ರಾಂತ್ಯದ ನಿಶಿಯೊ ಇದಕ್ಕೆ ಹೆಸರಾದ ಊರುಗಳು. ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಬಿಸಿಲು ಕಡಿಮೆಯಾದಾಗ ಎಲೆಯಲ್ಲಿ ಹಸಿರು ಜಾಸ್ತಿಯಾಗುತ್ತದೆ, ಚೊಗರು ಕಡಿಮೆಯಾಗುತ್ತದೆ. ಕೊಯ್ದ ಕೂಡಲೇ ಹಬೆಯಲ್ಲಿ ಬಾಡಿಸಿ, ಒಣಗಿಸಿ, ನಾರು-ದಂಟು ತೆಗೆದು, ಕಲ್ಲಿನಲ್ಲಿ ಬೀಸುತ್ತಾರೆ. ಒಂದು ಕಲ್ಲಿನಿಂದ ಗಂಟೆಗೆ ಸಿಗುವುದು ಸುಮಾರು 40 ಗ್ರಾಂ ಅಷ್ಟೇ. ಬೇಗ ಬೀಸಿದರೆ ಕಲ್ಲು ಕಾಯುತ್ತದೆ, ಪುಡಿಯ ಪರಿಮಳ ಹೋಗುತ್ತದೆ. ಬೆಲೆ ಯಾಕೆ ಅಷ್ಟು ಅಂತ ಇದರಿಂದ ಗೊತ್ತಾಗುತ್ತದೆ.

ಅಂಗಡಿಯಲ್ಲಿ 'ಗ್ರೀನ್ ಟೀ ಪೌಡರ್' ಅಂತ ಸಿಗುವುದೆಲ್ಲ ಮಚ್ಚಾ ಅಲ್ಲ. ಡಬ್ಬಿ ಮೇಲೆ 'ಸೆರೆಮೋನಿಯಲ್' ಅಂತ ಬರೆದಿದ್ದರೂ ಅದು ಮಾರುವವರು ಇಟ್ಟ ಹೆಸರು ಮಾತ್ರ. ಬಿಳಿ ಕಾಗದದ ಮೇಲೆ ಚಿಟಿಕೆ ಪುಡಿ ಎಳೆದು ನೋಡಿ. ಎಳೆ ಭತ್ತದ ಸಸಿಯ ಹಸಿರು ಇದ್ದರೆ ಕುಡಿಯಲು ಇಟ್ಟುಕೊಳ್ಳಿ. ಹಳದಿ ತಿರುಗಿದ್ದರೆ ಬರ್ಫಿಗೆ, ಕೇಕಿಗೆ ಸಾಕು.

ಈಗ ಗಂಟಿನ ವಿಷಯ. ಈ ಪುಡಿಗಳು ಸಕ್ಕರೆ, ಉಪ್ಪಿನ ಹಾಗೆ ಕರಗುವುದಿಲ್ಲ. ನೀರಿನಲ್ಲಿ ತೇಲಿಕೊಂಡು ಇರುತ್ತವೆ, ಬಿಟ್ಟರೆ ತಳಕ್ಕೆ ಕೂರುತ್ತವೆ. ಒಣ ಪುಡಿಯನ್ನು ತುಂಬ ನೀರಿಗೆ ಒಮ್ಮೆಲೇ ಸುರಿದರೆ ಹೊರಗಿನ ಪದರ ಒದ್ದೆಯಾಗಿ ಅಂಟುತ್ತದೆ, ಒಳಗೆ ಒಣಗಿದ್ದೇ ಉಳಿಯುತ್ತದೆ. ರಾಗಿ ಅಂಬಲಿಗೆ ಹಿಟ್ಟು ಕದಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲು ಚಹಾ ಸೋಸುವ ಜರಡಿಯಲ್ಲಿ ಪುಡಿಯನ್ನು ಜರಡಿ ಹಿಡಿಯಿರಿ. ಆಮೇಲೆ ಎರಡು ಚಮಚ ನೀರು ಹಾಕಿ, ಗಂಧ ತೇಯ್ದ ಹಾಗೆ ನುಣ್ಣಗೆ ಕಲಸಿ. ಬಾಕಿ ನೀರು ಆ ಮೇಲೆ. ಸಿಹಿ ತಿಂಡಿಗಾದರೆ ಪುಡಿಯನ್ನು ಒಣ ಸಕ್ಕರೆಯ ಜೊತೆಗೋ ಬೆಚ್ಚಗಿನ ತುಪ್ಪದ ಜೊತೆಗೋ ಮೊದಲೇ ಬೆರೆಸಿಬಿಡಿ. ಆಗಲೂ ಗಂಟಾಗುವುದಿಲ್ಲ.

ಬಣ್ಣ ಕೆಡುವುದು ಬೇರೆ ಕಾರಣಕ್ಕೆ. ಎಲೆಯ ಹಸಿರು ಅಂದರೆ ಕ್ಲೋರೋಫಿಲ್. ಅದರ ನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಬಿಸಿ ಜಾಸ್ತಿಯಾದರೆ ಅದು ಜಾಗ ಬಿಟ್ಟು ಏಳುತ್ತದೆ. ಜೊತೆಗೆ ಹುಳಿ ಇದ್ದರೆ ಇನ್ನೂ ಬೇಗ. ಆಗ ಹಸಿರು ಹೋಗಿ ಕಂದು ಬರುತ್ತದೆ. ಸೊಪ್ಪಿನ ಹುಳಿ ಕುದಿದಂತೆಲ್ಲ ಮಂಕಾಗುವುದೂ ಇದರಿಂದಲೇ. ನನ್ನ ಮೊದಲ ಮಚ್ಚಾಕ್ಕೆ ಬಿಸಿಯೂ ಬಿತ್ತು, ಮೇಲೆ ಬೆಲ್ಲದ ಕಂದು ಬಣ್ಣವೂ ಸೇರಿತು. ಬೆಲ್ಲದಿಂದ ರುಚಿ ಕೆಡುವುದಿಲ್ಲ, ಹಸಿರು ಮಾತ್ರ ಮರೆತುಬಿಡಿ.

ಕುಡಿಯಲು ಮಾಡುವ ಕ್ರಮ ಹೀಗೆ. ಒಬ್ಬರಿಗೆ ತಲೆ ಹೊಡೆದ ಒಂದು ಚಿಕ್ಕ ಚಮಚ, ಅಂದರೆ ಸುಮಾರು 2 ಗ್ರಾಂ ಪುಡಿ. ನೀರು 60-70 ಮಿಲಿಲೀಟರ್ ಸಾಕು. ನೀರು 70ರಿಂದ 80 ಡಿಗ್ರಿ ಇರಬೇಕು ಅನ್ನುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಥರ್ಮಾಮೀಟರ್ ಎಲ್ಲಿಂದ ಬರಬೇಕು? ಮರಳಿದ ನೀರನ್ನು ತಣ್ಣಗಿನ ಸ್ಟೀಲ್ ಲೋಟಕ್ಕೆ ಹಾಕಿ, ಅಲ್ಲಿಂದ ಇನ್ನೊಂದು ಲೋಟಕ್ಕೆ ಬಗ್ಗಿಸಿ, ಎರಡು ನಿಮಿಷ ಬಿಡುತ್ತೇನೆ. ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಜಪಾನಿನವರು ಬಿದಿರಿನ ಕುಂಚದಂಥ ಒಂದು ಕಡ್ಡಿಯಲ್ಲಿ ಅದನ್ನು ಕಡೆಯುತ್ತಾರೆ, ಚಾಸೆನ್ ಅಂತ ಹೆಸರು. ನಾನು ಲೋಟದ ಮಜ್ಜಿಗೆ ಕಡೆಯುವ ಸಣ್ಣ ಕಡಗೋಲು ಹಿಡಿಯುತ್ತೇನೆ. ಅಂಗೈಯಲ್ಲಿ ಇಪ್ಪತ್ತು ಸಲ ಆಡಿಸಿದರೆ ನೊರೆ ಬರುತ್ತದೆ. ಮೇಲಿಂದ ಬೆಚ್ಚಗಿನ ಹಾಲು ಹಾಕಿ. ನನಗೆ ಹಾಲಿಗಿಂತ ದಪ್ಪ ಕಾಯಿಹಾಲೇ ಇಷ್ಟ. ತೆಂಗಿನ ಸಿಹಿಗೂ ಮಚ್ಚಾದ ಕಹಿಗೂ ಚೆನ್ನಾಗಿ ಕೂಡಿ ಬರುತ್ತದೆ, ಸಕ್ಕರೆ ಅರ್ಧ ಚಮಚ ಸಾಕಾಗುತ್ತದೆ.

ಒಂದು ಮಾತು. ಚಹಾದಲ್ಲಿ ಎಲೆಯನ್ನು ಸೋಸಿ ಎಸೆಯುತ್ತೇವೆ, ಇಲ್ಲಿ ಎಲೆಯನ್ನೇ ನುಂಗುತ್ತೇವೆ. 2 ಗ್ರಾಂನಲ್ಲಿ 40ರಿಂದ 80 ಮಿಲಿಗ್ರಾಂ ಕೆಫೀನ್ ಇರಬಹುದು. ರಾತ್ರಿ ಊಟ ಆದ ಮೇಲೆ ಕುಡಿದು ನಾನು ಎರಡು ಗಂಟೆವರೆಗೆ ಜಂತಿ ಎಣಿಸುತ್ತ ಮಲಗಿದ್ದೆ. ಬಸುರಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು ಅನ್ನುತ್ತಾರೆ, ಚಹಾ-ಕಾಫಿ ಎಲ್ಲ ಸೇರಿಸಿ. ರಕ್ತ ಕಡಿಮೆ ಇದ್ದವರು ಊಟದ ಜೊತೆ ಕುಡಿಯಬೇಡಿ. ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ತಿಂಡಿಗೆ ಬಂದರೆ, ನನ್ನ ಕೈಯಲ್ಲಿ ಸರಿಯಾಗಿ ಬಂದದ್ದು ಕಾಯಿ ಬರ್ಫಿ. ಎರಡು ಲೋಟ ಕಾಯಿತುರಿ, ಒಂದೂವರೆ ಲೋಟ ಸಕ್ಕರೆ. ತುರಿಯುವಾಗ ಕಂದು ಸಿಪ್ಪೆಯವರೆಗೆ ಹೋಗಬೇಡಿ, ಬಿಳಿ ಮಾತ್ರ ಸಾಕು. ಬಾಣಲೆಯಲ್ಲಿ ಎರಡನ್ನೂ ಸಣ್ಣ ಉರಿಯಲ್ಲಿ ಮಗುಚುತ್ತಾ ಇರಿ. ಅತ್ತ ಬೇರೆ ಬಟ್ಟಲಲ್ಲಿ ಎರಡು ದೊಡ್ಡ ಚಮಚ ತುಪ್ಪಕ್ಕೆ ಒಂದೂವರೆ ಚಿಕ್ಕ ಚಮಚ ಮಚ್ಚಾ ಕಲಸಿಡಿ. ಪಾಕ ತಳ ಬಿಟ್ಟು ಬಂತು ಅನ್ನುವಾಗ ಒಲೆ ಆರಿಸಿ. ಅಲ್ಲಿಂದ ಎರಡು ನಿಮಿಷ ಸುಮ್ನೆ ಮಗುಚಿ, ಹೊಗೆ ಇಳಿಯಲಿ. ಆಮೇಲೆ ಹಸಿರು ತುಪ್ಪ ಸುರಿದು ಗಡಿಬಿಡಿಯಲ್ಲಿ ಕಲಸಿ, ತಟ್ಟೆಗೆ ಹಾಕಿ. ಮೊದಲ ಸಲ ನಾನು ಉರಿ ಇರುವಾಗಲೇ ಹಾಕಿದ್ದೆ, ಬರ್ಫಿ ಕೊಳೆತ ಪಾಚಿಯಂತೆ ಕಂಡಿತು. ಏಲಕ್ಕಿ ಬೇಡ. ಹಾಕಿದರೆ ಏಲಕ್ಕಿ ಮಾತ್ರ ಸಿಗುತ್ತದೆ, ಮಚ್ಚಾಕ್ಕೆ ಕೊಟ್ಟ ದುಡ್ಡು ದಂಡ.

ಕವುಚಿದ ಗಡಿಗೆಯ ಮೇಲೆ ಹಿಟ್ಟು ತೆಳ್ಳಗೆ ಹಚ್ಚಿ ಮಾಡುವ ನಮ್ಮ ಕಡೆಯ ಸಿಹಿ ತಿಂಡಿ ತೊಡದೇವಿಗೂ ಪ್ರಯೋಗ ಮಾಡಿದೆ. ಅತ್ತೆ ಇದ್ದಿದ್ದರೆ ಬಯ್ಯುತ್ತಿದ್ದರೋ ಏನೋ. ಹಿಟ್ಟಿಗೇ ಮಚ್ಚಾ ಕಲಸಿದಾಗ ಗಡಿಗೆಯ ಬಿಸಿಗೆ ಬಣ್ಣ ನಿಲ್ಲಲಿಲ್ಲ. ಎರಡನೇ ಸಲ ಹಿಟ್ಟಿನ ತಂಟೆಗೇ ಹೋಗಲಿಲ್ಲ. ಅರ್ಧ ಲೋಟ ಸಕ್ಕರೆ ಪುಡಿಗೆ ಒಂದು ಚಿಕ್ಕ ಚಮಚ ಮಚ್ಚಾ ಬೆರೆಸಿ ಇಟ್ಟುಕೊಂಡು, ತೊಡದೇವನ್ನು ಗಡಿಗೆಯಿಂದ ಎಬ್ಬಿಸಿ ಮಡಿಸುವ ಮುಂಚೆ ತುಪ್ಪದ ಮೇಲೆ ಉದುರಿಸಿದೆ. ಕಾಗದದಂಥ ತೊಡದೇವಿನ ಒಳಗೆ ಹಸಿರು ಗೆರೆ ಕಾಣುತ್ತದೆ. ಆ ಬೆಂಗಳೂರಿನ ಹುಡುಗರು ಮತ್ತೆ ಬಂದಾಗ ಒಬ್ಬೊಬ್ಬ ಎಂಟೆಂಟು ತಿಂದ.

ಇಷ್ಟೆಲ್ಲ ಹೇಳಿದರೂ ವರ್ಷಪೂರ್ತಿ ಮಚ್ಚಾ ಕೊಳ್ಳುವ ಪೈಕಿ ನಾನಲ್ಲ. ದಿನದ ಅಡುಗೆಗೆ ನುಗ್ಗೆ ಸೊಪ್ಪಿನ ಪುಡಿ, ಒಂದೆಲಗದ ಪುಡಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಇವುಗಳಲ್ಲಿ ಕೆಫೀನ್ ಇಲ್ಲ, ಮಕ್ಕಳಿಗೂ ಹಾಕಬಹುದು.

ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬೇಡಿ. ಶಿರಸಿಯ ಮಳೆಯಲ್ಲಿ ಗೋಡೆಯೇ ಒಣಗುವುದಿಲ್ಲ, ಸೊಪ್ಪು ಒಣಗುತ್ತದಾ? ನಾನು ಮಾಡುವುದು ಅಡಿಕೆ ಸುಲಿಯುವ ಕಾಲದಲ್ಲಿ, ಚಳಿಗೆ ಗಾಳಿ ಒಣಗಿರುವಾಗ. ಸೊಪ್ಪು ತೊಳೆದು, ನೀರು ಬಸಿದು, ಇಡ್ಲಿ ಪಾತ್ರೆಯ ಹಬೆಯಲ್ಲಿ ಒಂದೇ ನಿಮಿಷ ಇಡಿ. ಜಪಾನಿನವರು ಹಬೆ ಕೊಡುವುದೂ ಇದಕ್ಕೇ. ಎಲೆಯೊಳಗೆ ಬಣ್ಣ ಕೆಡಿಸುವ ಕಿಣ್ವಗಳಿರುತ್ತವೆ, ಹಬೆಗೆ ಅವು ಸುಮ್ಮನಾಗುತ್ತವೆ. ಆಮೇಲೆ ಮಾಳಿಗೆಯಲ್ಲಿ, ಹಳೇ ಪಂಚೆಯ ಮೇಲೆ, ನೆರಳಿನಲ್ಲಿ ತೆಳುವಾಗಿ ಹರಡಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಕೈಯಲ್ಲಿ ಹಿಸುಕಿದಾಗ ಹಪ್ಪಳದ ಹಾಗೆ ಮುರಿಯಬೇಕು. ಎಲೆ ಬಾಗಿದರೆ ಇನ್ನೊಂದು ದಿನ ಬಿಡಿ. ಕಡ್ಡಿ ಬಿಡಿಸಿದ ಒಂದು ಕಿಲೋ ಸೊಪ್ಪಿಗೆ ನನಗೆ 200 ಗ್ರಾಂ ಆಸುಪಾಸು ಪುಡಿ ಸಿಗುತ್ತದೆ.

ಪುಡಿ ಮಾಡುವಾಗ ಮಿಕ್ಸರ್ ಒಂದೇ ಸಮನೆ ಓಡಿಸಬೇಡಿ, ಜಾರು ಬಿಸಿಯಾಗುತ್ತದೆ. ಹತ್ತು ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ಹತ್ತು. ಬೀಸುಕಲ್ಲಿನಲ್ಲೂ ನೋಡಿದೆ. ಎಲೆ ಜಾರಿ ಚಕ್ಕೆ ಚಕ್ಕೆಯಾಗಿ ಹೊರಗೆ ಬಂತು, ರಟ್ಟೆ ನೋವು ಮಾತ್ರ ಉಳಿಯಿತು. ಕೊನೆಗೆ ವಸ್ತ್ರಗಾಳಿತ. ಅಜ್ಜಿ ಔಷಧಿ ಪುಡಿಗೆ ಮಾಡುತ್ತಿದ್ದ ಹಾಗೆ, ಪಾತ್ರೆಯ ಬಾಯಿಗೆ ತೆಳ್ಳಗಿನ ಹತ್ತಿ ಬಟ್ಟೆ ಬಿಗಿದು, ಮೇಲೆ ಪುಡಿ ಹಾಕಿ ಬೆರಳಿನಲ್ಲಿ ಮೆಲ್ಲಗೆ ಆಡಿಸಬೇಕು. ಕೆಳಗೆ ಬಿದ್ದದ್ದು ಅಂಗೈಯ ಗೆರೆಯೊಳಗೆ ಇಳಿಯುವಷ್ಟು ನುಣುಪು. ಬಟ್ಟೆಯ ಮೇಲೆ ಉಳಿದ ತರಿಯನ್ನು ಚಟ್ನಿಪುಡಿಗೆ ಹಾಕಿ. ಅಲ್ಲಿ ತರಿ ಇದ್ದರೇ ಚಂದ.

ನುಗ್ಗೆ ಪುಡಿಯ ತಂಬ್ಳಿ ಹತ್ತು ನಿಮಿಷದ ಕೆಲಸ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಒಲೆ ಆರಿಸಿ, ಆ ಬಿಸಿಗೇ ಎರಡು ಚಿಕ್ಕ ಚಮಚ ಪುಡಿ ಹಾಕಿ ಒಂದು ಸಲ ಆಡಿಸಿ. ಹಸಿ ವಾಸನೆ ಹೋಗಲು ಅಷ್ಟು ಸಾಕು. ಅರ್ಧ ಲೋಟ ಕಾಯಿತುರಿ ಜೊತೆ ರುಬ್ಬಿ, ಎರಡು ಲೋಟ ಮಜ್ಜಿಗೆ, ಉಪ್ಪು. ಹುಳಿ ಮಜ್ಜಿಗೆ ಬೇಡ, ಅವತ್ತೇ ಕಡೆದದ್ದು ಇರಲಿ. ಊಟಕ್ಕೆ ಕೂರುವಾಗ ಬೆರೆಸಿ. ಒಂದೆಲಗದ ಪುಡಿಯಲ್ಲೂ ಹೀಗೇ ಮಾಡಬಹುದು, ಆದರೆ ತೋಟದಿಂದ ಆಗಷ್ಟೇ ಕಿತ್ತ ಒಂದೆಲಗದ ತಂಬ್ಳಿಯ ಪರಿಮಳ ಇದಕ್ಕೆ ಬರುವುದಿಲ್ಲ. ಪುಡಿ ಇರುವುದು ಬೆಂಗಳೂರಿನಲ್ಲಿರುವ ಮಗಳಿಗೆ. ಅವಳಿಗೆ ತೋಟ ಎಲ್ಲಿ? ತೆಳ್ಳೇವಿನ, ಅಂದರೆ ನಮ್ಮ ಕಡೆಯ ತೆಳ್ಳನೆ ದೋಸೆಯ ಹಿಟ್ಟಿಗೆ ಬೇಕಾದರೆ ನಾಲ್ಕು ಲೋಟಕ್ಕೆ ಒಂದು ದೊಡ್ಡ ಚಮಚ ನುಗ್ಗೆ ಪುಡಿ. ಅದಕ್ಕಿಂತ ಜಾಸ್ತಿ ಹಾಕಿದರೆ ತೆಳ್ಳೇವು ಕಾವಲಿ ಬಿಡುವುದಿಲ್ಲ, ಬಾಯಿಯೂ ಕಹಿ.

ಚಕ್ರಮುನಿ ಸೊಪ್ಪಿನ ಪುಡಿ ಮಾತ್ರ ನಾನು ಮಾಡುವುದಿಲ್ಲ. ಪಲ್ಯಕ್ಕೆ, ತಂಬ್ಳಿಗೆ ನಾಲ್ಕೆಲೆ ಹಾಕುತ್ತೇನೆ, ಅಷ್ಟೇ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಅಂತ ದಿನಾ ಇದರ ಹಸಿ ರಸ ಕುಡಿದ ಎಷ್ಟೋ ಜನರ ಶ್ವಾಸಕೋಶವೇ ಹಾಳಾಯಿತು. ಸೊಪ್ಪು ಪುಡಿಯಾದರೆ ಒಂದು ಬುಟ್ಟಿಯದ್ದು ಒಂದು ಬಾಟಲಿಗೆ ಇಳಿಯುತ್ತದೆ, ಎಷ್ಟು ತಿಂದೆವು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಯಾವ ಹಸಿರು ಪುಡಿಯನ್ನೂ ಡಾಕ್ಟರನ್ನು ಕೇಳದೆ ದಿನಾ ತಿನ್ನಬೇಡಿ. ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬಾ ಇರುತ್ತದೆ, ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ.

ಇನ್ನು ಇಡುವುದು. ದೊಡ್ಡ ಡಬ್ಬಿ ಬೇಡ, ಸಣ್ಣ ಸಣ್ಣ ಬಾಟಲಿ ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೆಯಿರಿ. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಹಿಡಿದು ಚಮಚ ಹಾಕಬೇಡಿ, ಹಬೆ ಒಳಗೆ ಹೋದರೆ ಮರುದಿನವೇ ಗಟ್ಟಿ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಹೊರಗಿನ ಬಿಸಿಗೆ ಬಂದ ಮೇಲೇ ತೆರೆಯಿರಿ, ಇಲ್ಲದಿದ್ದರೆ ಒಳಗೇ ಬೆವರುತ್ತದೆ. ವಾಸನೆಯನ್ನಂತೂ ಈ ಪುಡಿ ಎಲ್ಲಿದ್ದರೂ ಹೀರುತ್ತದೆ. ಕಾರವಾರದ ಕೋಡಿಬಾಗದಲ್ಲಿರುವ ಗೆಳತಿ ಬಂಗಡೆ ಇಟ್ಟ ಫ್ರಿಜ್ಜಿನಲ್ಲೇ ಮಚ್ಚಾ ಡಬ್ಬಿ ಅರ್ಧ ಮುಚ್ಚಿ ಇಟ್ಟಿದ್ದಳು. ಅವಳ ಬರ್ಫಿ ಏನಾಯಿತು ಅಂತ ಅವಳು ಇವತ್ತಿಗೂ ಹೇಳಿಲ್ಲ. ನನ್ನದು ಹಲಸಿನ ಹಣ್ಣಿನ ಪಕ್ಕ ಇತ್ತು. ಮುಚ್ಚಳ ತೆಗೆದರೆ ಹಲಸು ಬಿಟ್ಟು ಬೇರೇನೂ ಇಲ್ಲ. ಎಸೆಯಲು ಮನಸ್ಸಾಗದೆ ಉಳಿದ ಅಷ್ಟನ್ನೂ ಹಲಸಿನ ಹಣ್ಣಿನ ಕಡುಬಿನ ಹಿಟ್ಟಿಗೇ ಹಾಕಿ ಬೇಯಿಸಿದೆ. ಹಸಿರು ಒಂದಿಷ್ಟೂ ಉಳಿಯಲಿಲ್ಲ. ನಮ್ಮವರು ನಾಲ್ಕು ಕಡುಬು ತಿಂದು, "ಈ ಸಲದ ಹಣ್ಣು ಚೊಲೋ ಇತ್ತು" ಅಂದರು.